ಸೇವಾಸಂಸ್ಥೆಯ ಮುಖಫಲಕ ಎಲ್ಲರಿಗೂ ನಿಲುಕಲಿ

ಮುಂಬಯಿಯ ಮಧ್ಯ ರೈಲ್ವೆಯಲ್ಲಿ ಘಾಟ್ಕೋಪರ್ ಮತ್ತು ಕಾಂಜೂರ್‌ಮಾರ್ಗ್ ನಿಲ್ದಾಣಗಳ ನಡುವೆ ಇರುವ ವಿಕ್ರೋಳಿಯು ದುಡಿಯುವ ಜನರ ಊರು. ಟಾಗೋರ್ ನಗರ, ಕನ್ನಂವಾರ್ ನಗರಗಳ ವಸತಿ ಕಟ್ಟಡಗಳು, ಪಾರ್ಕ್‌ಸೈಟಿನ ಗುಡ್ಡದ ಮನೆಗಳು, ಗೋದ್ರೇಜ್ ಸಂಸ್ಥೆಯ ಪಿರೋಜ್‌ಶಾ ನಗರ, ಇವೆಲ್ಲ ಸೇರಿ ವಿಕ್ರೋಳಿ. ಕರಾವಳಿಯಿಂದಲೂ ಉತ್ತರ ಕರ್ನಾಟಕದಿಂದಲೂ ಬಂದು ಇಲ್ಲಿ ನೆಲೆಸಿದ ಕನ್ನಡಿಗರಲ್ಲಿ ಮೊದಲ ತಲೆಮಾರಿನವರು ಈಗ ವೃದ್ಧರಾಗಿದ್ದಾರೆ. ಹಿಂದೆ ಈ ಕಡೆ ಆರೋಗ್ಯ ಶಿಬಿರವೊಂದು ನಡೆಯುವುದಿದ್ದರೆ, ಬಟ್ಟೆಯ ಮೇಲೆ ಕುಂಚದಿಂದ ಬರೆದ ಫಲಕವನ್ನು ರಸ್ತೆಗೆ ಅಡ್ಡಲಾಗಿ ಕಟ್ಟುವ ರೂಢಿಯಿತ್ತು. ಅದನ್ನು ಬರೆಯುವ ಕಲಾವಿದನು ಓದುಬರಹದಲ್ಲಿ ಪಂಡಿತನಾಗಿರಬೇಕಿರಲಿಲ್ಲ. ಚಲಿಸುವ ಬಸ್ಸಿನಲ್ಲಿ ಕುಳಿತವನಿಗೂ ಅಕ್ಷರ ಕಾಣಬೇಕೆಂಬ ಒಂದೇ ನಿಯಮ ಅವನಿಗೆ ಗೊತ್ತಿತ್ತು. ಬಿಳಿಯ ಬಟ್ಟೆ, ಕಡುನೀಲಿ ಅಕ್ಷರ, ದಿನಾಂಕ, ಸ್ಥಳ, ಅಷ್ಟೆ.

ಈಗ ಆ ಬಟ್ಟೆಯ ಫಲಕದ ಕೆಲಸವನ್ನು ಬಹುಮಟ್ಟಿಗೆ ಅಂತರಜಾಲವು ವಹಿಸಿಕೊಂಡಿದೆ. ಚಿಕ್ಕಪುಟ್ಟ ಸೇವಾಸಂಸ್ಥೆಗಳೂ ತಮ್ಮದೊಂದು ಜಾಲತಾಣವನ್ನು ಹೊಂದಿವೆ. ಅದನ್ನು ತೆರೆದೊಡನೆ ಮುಖಪುಟದ ಮೇಲ್ಭಾಗದಲ್ಲಿ ಅಗಲವಾದ ಚಿತ್ರ, ಅದರ ಮೇಲೆ ನಾಲ್ಕಾರು ಮಾತು, ಒಂದು ಗುಂಡಿ ಕಾಣಿಸುತ್ತವೆ. ಇದನ್ನೇ ಬ್ಯಾನರ್ ಅಥವಾ ಮುಖಫಲಕ ಎನ್ನುತ್ತೇವೆ. ಬಂದವರನ್ನು ಒಳಕ್ಕೆ ಕರೆಯುವ ಹೆಬ್ಬಾಗಿಲು ಅದು. ಈ ಹೆಬ್ಬಾಗಿಲನ್ನು ಹೇಗೆ ಕಟ್ಟಬೇಕೆಂಬ ಪ್ರಶ್ನೆಗೂ ಆರೋಗ್ಯಕ್ಕೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಆ ಸಂಬಂಧವನ್ನು ನಾನು ಸ್ವಂತ ತಪ್ಪಿನಿಂದಲೇ ಅರಿತವನಾದುದರಿಂದ, ಅಲ್ಲಿಂದಲೇ ಪ್ರಾರಂಭಿಸುತ್ತೇನೆ.

ಒಂದು ತಪ್ಪಿನ ಕಥೆ

ಕೆಲವು ವರ್ಷಗಳ ಹಿಂದೆ ನಾವು ಹತ್ತಾರು ಮಂದಿ ಸೇರಿ ನಡೆಸುತ್ತಿದ್ದ ಚಿಕ್ಕ ಸಮಿತಿಯೊಂದು ಮಧುಮೇಹವುಳ್ಳವರಿಗಾಗಿ ಉಚಿತ ನೇತ್ರ ತಪಾಸಣೆಯನ್ನು ಏರ್ಪಡಿಸಿತು. ಸಮಿತಿಯ ಜಾಲತಾಣಕ್ಕೆ ಮುಖಫಲಕವನ್ನು ಸಿದ್ಧಪಡಿಸಿದ ತರುಣನು ಸಮುದ್ರದ ಮೇಲಿನ ಸೂರ್ಯಾಸ್ತದ ಸುಂದರ ಚಿತ್ರವನ್ನು ಹಾಕಿ, ಅದರ ಮೇಲೆ ತೆಳು ಹಳದಿಯ ಸಣ್ಣ ಅಕ್ಷರಗಳಲ್ಲಿ ಶಿಬಿರದ ವಿವರಗಳನ್ನು ಮೂಡಿಸಿದ್ದನು. ಚಿತ್ರವು ನಾಲ್ಕು ಕ್ಷಣ ನಿಂತು ಸರಿದುಹೋಗುತ್ತಿತ್ತು; ಅದರ ಬೆನ್ನಿಗೇ ಮತ್ತೊಂದು ಚಿತ್ರ ಬರುತ್ತಿತ್ತು. ನಾವೆಲ್ಲರೂ ನೋಡಿ ಮೆಚ್ಚಿ ಚಪ್ಪಾಳೆ ತಟ್ಟಿದೆವು. ಒಪ್ಪಿಗೆ ಕೊಟ್ಟವರಲ್ಲಿ ನಾನೂ ಒಬ್ಬ.

ಶಿಬಿರ ಮುಗಿದ ಮೇಲೆ ಕನ್ನಂವಾರ್ ನಗರದ ಹಿರಿಯರೊಬ್ಬರು ಸಿಕ್ಕಿದರು. ಹದಿನೈದು ವರ್ಷಗಳಿಂದ ಮಧುಮೇಹದ ಮಾತ್ರೆ ನುಂಗುತ್ತಿದ್ದವರು. "ಮಗನು ಮೊಬೈಲಿನಲ್ಲಿ ನಿಮ್ಮ ಪುಟವನ್ನು ತೆರೆದುಕೊಟ್ಟು ಕೆಲಸಕ್ಕೆ ಹೋದ. ಏನೋ ಬೆಳಕಿನ ಚಿತ್ರ ಕಂಡಿತು, ಅದೂ ಓಡಿಹೋಯಿತು. ಯಾವುದೋ ಪ್ರವಾಸದ ಜಾಹೀರಾತಿರಬೇಕೆಂದು ಮುಚ್ಚಿಬಿಟ್ಟೆ" ಎಂದರು. ಅವರ ಕಣ್ಣಿನ ಪರೀಕ್ಷೆ ಆದದ್ದು ಅನಂತರ ನಾಲ್ಕು ತಿಂಗಳಿಗೆ. ಆ ವೇಳೆಗೆ ಅಕ್ಷಿಪಟಲದಲ್ಲಿ ರಕ್ತಸ್ರಾವದ ಗುರುತುಗಳು ಕಂಡವು. ಲೇಸರ್ ಚಿಕಿತ್ಸೆ ಬೇಕಾಯಿತು. ನಮ್ಮ ಶಿಬಿರಕ್ಕೆ ಬಂದಿದ್ದರೆ ಏನೂ ಆಗುತ್ತಿರಲಿಲ್ಲವೆಂದು ಯಾವ ವೈದ್ಯರೂ ಹೇಳಲಾರರು. ಆದರೆ ಕಣ್ಣು ಮಂದವಾದವರನ್ನು ಕರೆಯಲು ನಾವು ಕಟ್ಟಿದ ಫಲಕವು ಕಣ್ಣು ಚೆನ್ನಾಗಿರುವವರಿಗೆ ಮಾತ್ರ ಕಾಣುತ್ತಿತ್ತೆಂಬ ಮಾತು ನನ್ನ ಮನಸ್ಸಿನಿಂದ ಇಂದಿಗೂ ಮಾಸಿಲ್ಲ.

ವಯಸ್ಸಾದ ಕಣ್ಣು ಏನನ್ನು ಕಾಣುತ್ತದೆ?

ನಮ್ಮ ಕಣ್ಣಿನ ಪಾಪೆಯು ವಯಸ್ಸಾದಂತೆ ಕಿರಿದಾಗುತ್ತ ಹೋಗುತ್ತದೆ. ಅದರ ಹಿಂದಿರುವ ಮಸೂರವು ದಪ್ಪವಾಗಿ, ಹಳದಿ ಬಣ್ಣಕ್ಕೆ ತಿರುಗುತ್ತದೆ. ಇದರ ಫಲವಾಗಿ ಅರುವತ್ತು ವರ್ಷದವರ ಅಕ್ಷಿಪಟಲವನ್ನು ತಲಪುವ ಬೆಳಕು ಇಪ್ಪತ್ತು ವರ್ಷದವರಿಗೆ ತಲಪುವುದರ ಸುಮಾರು ಮೂರನೆಯ ಒಂದು ಪಾಲು ಮಾತ್ರ ಎಂದು ತಜ್ಞರು ಹೇಳುತ್ತಾರೆ. ಹಳದಿಗಟ್ಟಿದ ಮಸೂರವು ನೀಲಿ ಬೆಳಕನ್ನು ಹೀರಿಕೊಳ್ಳುವುದರಿಂದ ನೀಲಿ-ಹಸಿರುಗಳ ನಡುವಣ, ಬಿಳಿ-ತೆಳುಹಳದಿಗಳ ನಡುವಣ ಭೇದವು ಅಸ್ಪಷ್ಟವಾಗುತ್ತದೆ. ಪೊರೆ ಬಂದ ಕಣ್ಣಿನಲ್ಲಾದರೋ ಒಳಹೊಕ್ಕ ಬೆಳಕು ಚದುರಿಹೋಗಿ, ಮಂಜಿನ ಗಾಜಿನ ಮೂಲಕ ನೋಡಿದಂತಾಗುತ್ತದೆ. ಭಾರತದಲ್ಲಿ ಅಂಧತ್ವಕ್ಕೆ ಅತಿ ದೊಡ್ಡ ಕಾರಣ ಇಂದಿಗೂ ಪೊರೆಯೇ.

ಮಧುಮೇಹದಿಂದ ಅಕ್ಷಿಪಟಲದ ಸೂಕ್ಷ್ಮ ರಕ್ತನಾಳಗಳು ಹಾಳಾದಾಗ ದೃಷ್ಟಿಯ ನಡುನಡುವೆ ಕಲೆಗಳು ಕಾಣಿಸಿಕೊಳ್ಳುತ್ತವೆ. ಮೊದಮೊದಲು ಯಾವ ತೊಂದರೆಯೂ ತಿಳಿಯದೆ ಇರುವುದೇ ಈ ರೋಗದ ಮೋಸ. ಆದುದರಿಂದಲೇ ಮಧುಮೇಹವುಳ್ಳವರು ವರ್ಷಕ್ಕೊಮ್ಮೆಯಾದರೂ ಕಣ್ಣಿನ ಒಳಭಾಗವನ್ನು ಪರೀಕ್ಷಿಸಿಕೊಳ್ಳಬೇಕು. ಗ್ಲಾಕೋಮಾದಲ್ಲಿ ಸುತ್ತಣ ದೃಷ್ಟಿ ಕುಗ್ಗಿ, ಕೊಳವೆಯೊಳಗಿಂದ ನೋಡಿದಂತೆ ನಡುವಣ ಭಾಗ ಮಾತ್ರ ಉಳಿಯುತ್ತದೆ. ಅಕ್ಷಿಪಟಲದ ಮಧ್ಯಭಾಗ ಸವೆಯುವ ರೋಗದಲ್ಲಿ ಇದಕ್ಕೆ ವಿರುದ್ಧವಾಗಿ, ನೋಡಬೇಕೆಂದ ಅಕ್ಷರವೇ ಮಸುಕಾಗಿ ಅಂಚುಗಳು ಮಾತ್ರ ಕಾಣುತ್ತವೆ. ಹುಟ್ಟಿನಿಂದಲೇ ಕೆಂಪು-ಹಸಿರುಗಳ ಭೇದ ತಿಳಿಯದವರು ಬೇರೆ ಇದ್ದಾರೆ. ಈ ದೋಷವು ಎಕ್ಸ್ ವರ್ಣತಂತುವಿನ ಮೂಲಕ ಬರುವುದರಿಂದ ಗಂಡಸರಲ್ಲಿಯೇ ಹೆಚ್ಚು.

2011ರ ಜನಗಣತಿಯಲ್ಲಿ ನಮ್ಮ ದೇಶದ 2.68 ಕೋಟಿ ಜನರು ವಿಕಲಚೇತನರೆಂದು ದಾಖಲಾದರು. ಅವರಲ್ಲಿ 50 ಲಕ್ಷಕ್ಕೂ ಹೆಚ್ಚು ಮಂದಿ ದೃಷ್ಟಿದೋಷವುಳ್ಳವರು. ಆದರೆ ಮೇಲೆ ಹೇಳಿದ ಹಿರಿಯರಂತಹವರು ಈ ಲೆಕ್ಕದಲ್ಲಿ ಸೇರಿದವರೇ ಅಲ್ಲ. ಅವರು ತಮ್ಮನ್ನು ವಿಕಲಚೇತನರೆಂದು ಎಣಿಸಿಕೊಂಡಿಲ್ಲ. "ವಯಸ್ಸಾಯಿತು, ಸ್ವಲ್ಪ ಮಂಜು" ಎಂದು ಸುಮ್ಮನಿರುತ್ತಾರೆ. ಹೀಗೆ ಸುಮ್ಮನಿರುವವರೇ ಸೇವಾಸಂಸ್ಥೆಯ ಬಾಗಿಲಿಗೆ ಮೊದಲು ಬರಬೇಕಾದವರು.

ಅರಿಸಿನ ಕುಂಕುಮದ ಲೆಕ್ಕ

ಅಕ್ಷರಕ್ಕೂ ಅದರ ಹಿನ್ನೆಲೆಗೂ ಇರುವ ಬೆಳಕಿನ ಅಂತರವನ್ನು ಅಂಕಿಗಳಲ್ಲಿ ಅಳೆಯಬಹುದು. 1989ರಲ್ಲಿ ಜಿನೀವಾದ ಸರ್ನ್ ಸಂಶೋಧನಾಲಯದಲ್ಲಿ ಟಿಮ್ ಬರ್ನರ್ಸ್-ಲೀ ಅವರು ವಿಶ್ವವ್ಯಾಪಿ ಜಾಲವನ್ನು ಕಲ್ಪಿಸಿದರು. ಅದರ ನಿಯಮಗಳನ್ನು ರೂಪಿಸಲು 1994ರಲ್ಲಿ ಸ್ಥಾಪಿತವಾದ ಒಕ್ಕೂಟವು 1999ರಲ್ಲಿ ಸುಗಮ್ಯತೆಯ ಮಾರ್ಗಸೂತ್ರಗಳನ್ನು ಮೊದಲ ಬಾರಿಗೆ ಪ್ರಕಟಿಸಿತು. 2008, 2018 ಮತ್ತು 2023ರಲ್ಲಿ ಅವು ಪರಿಷ್ಕೃತವಾದವು. ಈ ಸೂತ್ರಗಳ ಪ್ರಕಾರ ಬಿಳಿಯ ಮೇಲೆ ಬಿಳಿ ಇದ್ದರೆ ಅಂತರ 1ಕ್ಕೆ 1. ಬಿಳಿಯ ಮೇಲೆ ಅಚ್ಚ ಕಪ್ಪು ಇದ್ದರೆ 21ಕ್ಕೆ 1. ಸಾಧಾರಣ ಗಾತ್ರದ ಅಕ್ಷರಗಳಿಗೆ ಕನಿಷ್ಠ 4.5ರಷ್ಟೂ, 18 ಪಾಯಿಂಟಿಗೆ ಕಡಿಮೆಯಿಲ್ಲದ ಅಥವಾ 14 ಪಾಯಿಂಟಿನ ದಪ್ಪ ಅಕ್ಷರಗಳಿಗೆ ಕನಿಷ್ಠ 3ರಷ್ಟೂ ಅಂತರವಿರಬೇಕು. ವೃದ್ಧರೂ ರೋಗಿಗಳೂ ಹೆಚ್ಚಾಗಿ ಓದುವ ಫಲಕದಲ್ಲಿ 7ರಷ್ಟು ಇದ್ದರೆ ಉತ್ತಮ.

ಕನ್ನಡ ಸಂಘಟನೆಗಳಿಗೆ ಇಲ್ಲೊಂದು ವಿಶೇಷ ಎಚ್ಚರಿಕೆ ಅವಶ್ಯ. ನಾಡಧ್ವಜದ ಹಳದಿ ಮತ್ತು ಕೆಂಪು ನಮಗೆ ಪ್ರಿಯವಾದ ಬಣ್ಣಗಳು. ಆದರೆ ಗಣಕಯಂತ್ರದ ಅಚ್ಚ ಕೆಂಪಿನ ಮೇಲೆ ಅಚ್ಚ ಹಳದಿಯ ಅಕ್ಷರವನ್ನಿಟ್ಟರೆ ಅಂತರವು ಸುಮಾರು 3.7 ಮಾತ್ರ. ದೊಡ್ಡ ಶೀರ್ಷಿಕೆಗೆ ಅದು ಸಾಕಾದೀತು. ದಿನಾಂಕ, ವೇಳೆ, ದೂರವಾಣಿ ಸಂಖ್ಯೆಗಳಂತಹ ಸಣ್ಣ ಅಕ್ಷರಗಳಿಗೆ ಸಾಲದು. ಬಿಳಿಯ ಮೇಲೆ ಹಳದಿ ಬರೆದರಂತೂ ಅಂತರ 1.07, ಎಂದರೆ ಬರೆಯದಿದ್ದಂತೆಯೇ. ಕೇಸರಿಯ ಮೇಲಣ ಬಿಳಿ ಅಕ್ಷರಕ್ಕೆ ಸಿಗುವುದು ಸುಮಾರು 2.1. ಹಾಗೆಂದು ನಮ್ಮ ಬಣ್ಣಗಳನ್ನು ಬಿಟ್ಟುಕೊಡಬೇಕಾಗಿಲ್ಲ. ಕೆಂಪನ್ನು ಕಡುಗೆಂಪಾಗಿಸಿ, ಒಣಗಿದ ಕುಂಕುಮದ ಛಾಯೆಗೆ ಇಳಿಸಿದರೆ ಅದೇ ಹಳದಿಯೊಡನೆ ಅಂತರವು 10ಕ್ಕೆ ಏರುತ್ತದೆ. ಅರಿಸಿನದ ಹಿನ್ನೆಲೆಯ ಮೇಲೆ ಕಪ್ಪು ಅಕ್ಷರ ಬರೆದರೆ 19ನ್ನು ಮೀರುತ್ತದೆ. ಅರಿಸಿನವೂ ಉಳಿಯಿತು, ಕುಂಕುಮವೂ ಉಳಿಯಿತು, ಹಿರಿಯರ ಕಣ್ಣಿಗೂ ಕಂಡಿತು. ಈ ಅಂಕಿಗಳನ್ನು ಲೆಕ್ಕಹಾಕಿ ಕೊಡುವ ಉಚಿತ ಸಾಧನಗಳು ಅಂತರಜಾಲದಲ್ಲಿಯೇ ದೊರೆಯುತ್ತವೆ.

ಬಣ್ಣವೊಂದರಿಂದಲೇ ಅರ್ಥವನ್ನು ಸೂಚಿಸಬಾರದೆಂಬುದು ಇದಕ್ಕೆ ಸೇರಿದ ಇನ್ನೊಂದು ಸೂತ್ರ. "ಕೆಂಪು ಗುಂಡಿ ತುರ್ತು ರಕ್ತಕ್ಕೆ, ಹಸಿರು ಗುಂಡಿ ದೇಣಿಗೆಗೆ" ಎಂದು ಬರೆದರೆ ವರ್ಣದೋಷವುಳ್ಳವರಿಗೆ ಎರಡೂ ಒಂದೇ ತೆರನಾಗಿ ಕಾಣಬಹುದು. ಗುಂಡಿಯ ಮೇಲೆಯೇ "ರಕ್ತ ಬೇಕಾಗಿದೆ", "ದೇಣಿಗೆ ನೀಡಿ" ಎಂದು ಬರೆಯುವುದು ಕಷ್ಟದ ಕೆಲಸವಲ್ಲ. ಛಾಯಾಚಿತ್ರದ ಮೇಲೆ ನೇರವಾಗಿ ಅಕ್ಷರಗಳನ್ನು ಹರಡುವುದೂ ಸಲ್ಲದು. ಚಿತ್ರದ ಒಂದು ಮೂಲೆ ಬೆಳ್ಳಗೆ, ಇನ್ನೊಂದು ಮೂಲೆ ಕಪ್ಪಗೆ ಇರುವಲ್ಲಿ ಯಾವ ಬಣ್ಣದ ಅಕ್ಷರವೂ ಆದಿಯಿಂದ ಅಂತ್ಯದವರೆಗೆ ಕಾಣದು. ಚಿತ್ರಕ್ಕೆ ಒಂದು ಪಾರ್ಶ್ವ, ಮಾತಿಗೆ ಒಂದೇ ಬಣ್ಣದ ಇನ್ನೊಂದು ಪಾರ್ಶ್ವ, ಹೀಗೆ ವಿಂಗಡಿಸುವುದೇ ಕ್ಷೇಮ.

ಕಿವಿಯಿಂದ ಓದುವವರು

ಕಣ್ಣು ಪೂರ್ತಿಯಾಗಿ ಕಾಣದವರೂ ಇಂದು ಮೊಬೈಲನ್ನೂ ಗಣಕಯಂತ್ರವನ್ನೂ ಬಳಸುತ್ತಾರೆಂದರೆ ಕೆಲವರು ಆಶ್ಚರ್ಯಪಡುತ್ತಾರೆ. ಪರದೆಯ ಮೇಲಣ ಬರಹವನ್ನು ಗಟ್ಟಿಯಾಗಿ ಓದಿಹೇಳುವ ತಂತ್ರಾಂಶಗಳಿವೆ. ಆಸ್ಟ್ರೇಲಿಯಾದ ಅಂಧ ತರುಣ ಮೈಕೆಲ್ ಕರನ್ ಅವರು 2006ರಲ್ಲಿ ಪ್ರಾರಂಭಿಸಿದ ಎನ್.ವಿ.ಡಿ.ಎ. ಎಂಬ ತಂತ್ರಾಂಶವು ಎಲ್ಲರಿಗೂ ಉಚಿತವಾಗಿ ದೊರೆಯುತ್ತದೆ. ಅದರಲ್ಲಿ ಕನ್ನಡದ ಧ್ವನಿಯೂ ಇದೆ. ಆಂಡ್ರಾಯ್ಡ್ ಮೊಬೈಲುಗಳಲ್ಲಿ ಟಾಕ್‌ಬ್ಯಾಕ್, ಐಫೋನಿನಲ್ಲಿ ವಾಯ್ಸ್‌ಓವರ್ ಎಂಬವು ಇದೇ ಕೆಲಸವನ್ನು ಮಾಡುತ್ತವೆ. ಬೆರಳಿನಿಂದ ಪರದೆಯನ್ನು ಮುಟ್ಟಿದಂತೆ ಅಲ್ಲಿರುವುದನ್ನು ಅವು ನುಡಿಯುತ್ತವೆ.

ಆದರೆ ಈ ಓದುಗನು ಓದುವುದು ಅಕ್ಷರವನ್ನು, ಚಿತ್ರವನ್ನಲ್ಲ. ನಮ್ಮ ಮುಖಫಲಕಗಳ ಅತಿ ದೊಡ್ಡ ದೋಷ ಇಲ್ಲಿಯೇ ಇದೆ. ಶಿಬಿರದ ಕರಪತ್ರವನ್ನು ಅಂದವಾಗಿ ವಿನ್ಯಾಸಗೊಳಿಸಿ, ಅದರ ಚಿತ್ರವನ್ನು ಹಾಗೆಯೇ ತಂದು ಮುಖಪುಟದಲ್ಲಿ ಅಂಟಿಸುತ್ತೇವೆ. ಕಣ್ಣಿಗೆ ಅದು ಅಕ್ಷರ. ಯಂತ್ರಕ್ಕೆ ಅದು ಬರಿಯ ಬಣ್ಣದ ಚುಕ್ಕೆಗಳ ರಾಶಿ. ಅಂಧ ಓದುಗನಿಗೆ "ಚಿತ್ರ" ಎಂಬ ಒಂದು ಮಾತು ಕೇಳಿಸಿ ಮೌನ ಆವರಿಸುತ್ತದೆ. ಇಲ್ಲವೆ ಕಡತದ ಅಂಕಿಗಳೆಲ್ಲ ಅರ್ಥವಿಲ್ಲದೆ ಕೇಳಿಬರುತ್ತವೆ. ಆದುದರಿಂದ ಮಾತನ್ನು ಮಾತಾಗಿಯೇ ಬೆರಳಚ್ಚು ಮಾಡಿ ಫಲಕದಲ್ಲಿ ಇಡಬೇಕು. ಚಿತ್ರವು ಅದರ ಪಕ್ಕದಲ್ಲಿ ಬೇರೆಯಾಗಿ ಇರಲಿ.

ಕನ್ನಡಕ್ಕೆ ಇನ್ನೊಂದು ತೊಡಕಿದೆ. ಅಚ್ಚಿನ ಕೆಲಸಕ್ಕೆ ಬಹುಕಾಲ ಬಳಸಿದ ಹಳೆಯ ಅಕ್ಷರಶೈಲಿಗಳಲ್ಲಿ, ಒಳಗೆ ಇಂಗ್ಲಿಷ್ ಅಕ್ಷರಗಳ ಸಂಕೇತಗಳನ್ನೇ ಇಟ್ಟು ಮೇಲೆ ಕನ್ನಡದ ರೂಪವನ್ನು ತೊಡಿಸಲಾಗಿತ್ತು. ಅಂತಹ ಬರಹವನ್ನು ಜಾಲತಾಣಕ್ಕೆ ಹಾಕಿದರೆ ಓದುವ ಯಂತ್ರವು ವೇಷವನ್ನು ಕಾಣದೆ ಒಳಗಿನ ಸಂಕೇತಗಳನ್ನೇ ಉಚ್ಚರಿಸಿ ಗೊಂದಲವೆಬ್ಬಿಸುತ್ತದೆ. ಯೂನಿಕೋಡ್ ವ್ಯವಸ್ಥೆಯಲ್ಲಿ ಕನ್ನಡದ ಪ್ರತಿಯೊಂದು ಅಕ್ಷರಕ್ಕೂ ಅದರದೇ ಸಂಕೇತ ನಿಗದಿಯಾಗಿದೆ; ಅದರಲ್ಲಿ ಬರೆದುದನ್ನು ಮಾತ್ರ ಯಂತ್ರವು ಕನ್ನಡವೆಂದು ಗುರುತಿಸಬಲ್ಲುದು. ಹಳೆಯ ಬರಹವನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳು ಇವೆ. ಅಲ್ಲದೆ, ಪುಟದ ಭಾಷೆ ಕನ್ನಡವೆಂದು ಜಾಲತಾಣದ ಒಳಸೂಚನೆಯಲ್ಲಿ ನಮೂದಿಸುವಂತೆ ವಿನ್ಯಾಸಕನಿಗೆ ತಿಳಿಸಬೇಕು. ಹಾಗೆ ಮಾಡದಿದ್ದರೆ ಯಂತ್ರವು ಕನ್ನಡವನ್ನು ಇಂಗ್ಲಿಷ್ ಧ್ವನಿಯಲ್ಲಿ ಓದಲು ಹೊರಟು ತಡವರಿಸುವುದುಂಟು.

ಚಿತ್ರಗಳಿಗೂ ಒಂದು ಮಾತಿನ ವಿವರಣೆಯನ್ನು ತೆರೆಯ ಮರೆಯಲ್ಲಿ ಸೇರಿಸುವ ಅನುಕೂಲವಿದೆ. ಅದನ್ನು ಬರೆಯುವ ಕಲೆ ಸರಳ. "ಚಿತ್ರ 1" ಎಂದರೆ ಏನೂ ಹೇಳಿದಂತಾಗಲಿಲ್ಲ. "ಮಾನವೀಯತೆಯ ಮಹಾನ್ ಸೇವೆಯಲ್ಲಿ ನಿರತರಾದ ನಮ್ಮ ಕಾರ್ಯಕರ್ತರು" ಎಂದರೆ ಹೊಗಳಿಕೆಯಾಯಿತು, ವಿವರಣೆಯಾಗಲಿಲ್ಲ. "ಶಿಬಿರದಲ್ಲಿ ವೈದ್ಯೆಯೊಬ್ಬರು ವೃದ್ಧರ ಕಣ್ಣನ್ನು ಪರೀಕ್ಷಿಸುತ್ತಿದ್ದಾರೆ" ಎಂದರೆ ಸಾಕು. ಬರಿಯ ಅಲಂಕಾರಕ್ಕೆಂದು ಇಟ್ಟ ಬಳ್ಳಿ, ರಂಗೋಲಿಗಳಿಗೆ ವಿವರಣೆಯನ್ನು ಖಾಲಿಯಾಗಿ ಬಿಟ್ಟರೆ ಯಂತ್ರವು ಅವನ್ನು ದಾಟಿ ಮುಂದೆ ಹೋಗುತ್ತದೆ. ಕೇಳುವವರ ಸಮಯ ಉಳಿಯುತ್ತದೆ.

ಚಿತ್ರದ ಆಯ್ಕೆಯಲ್ಲಿಯೂ ವಿವೇಕ ಬೇಕು. ದಾನಿಗಳ ಮನ ಕರಗಿಸಲೆಂದು ರೋಗಿಯ ಅಸಹಾಯ ಮುಖವನ್ನು ಹೆಬ್ಬಾಗಿಲಿನಲ್ಲಿ ತೂಗುಹಾಕುವುದು ರೋಗಿಗೆ ಮಾಡುವ ಅವಮಾನ. ಅವರ ಒಪ್ಪಿಗೆಯಿಲ್ಲದೆ ಚಿತ್ರವನ್ನು ಪ್ರಕಟಿಸಲೇಬಾರದು. ನೆರವು ಕೇಳಲು ಬರುವವರು ಆ ಚಿತ್ರವನ್ನು ಕಂಡು "ನಾಳೆ ನನ್ನ ಮುಖವೂ ಇಲ್ಲಿ ಬಂದೀತು" ಎಂದು ಹಿಂಜರಿಯುವ ಸಂಭವವುಂಟು.

ಓಡುವ ಚಿತ್ರ, ತಿರುಗುವ ತಲೆ

ಒಂದರ ಹಿಂದೆ ಒಂದರಂತೆ ಸರಿಯುವ ಚಿತ್ರಗಳು ಇಂದಿನ ಮುಖಪುಟಗಳಲ್ಲಿ ಸಾಮಾನ್ಯ. ಸಮಿತಿಯಲ್ಲಿ ಐದು ಉಪಸಮಿತಿಗಳಿದ್ದರೆ ಐವರನ್ನೂ ತೃಪ್ತಿಪಡಿಸಲು ಇದೊಂದು ಸುಲಭೋಪಾಯ. ಆದರೆ ನಿಧಾನವಾಗಿ ಓದುವವರಿಗೆ ಒಂದು ವಾಕ್ಯ ಮುಗಿಯುವಷ್ಟರಲ್ಲಿ ಫಲಕವೇ ಮಾಯವಾಗುತ್ತದೆ. ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿರುವವರಿಗೆ, ಅಕ್ಷರಗಳನ್ನು ಜೋಡಿಸಿಕೊಳ್ಳಲು ತೊಡಕುಳ್ಳವರಿಗೆ, ಗಮನವನ್ನು ನಿಲ್ಲಿಸಲು ಕಷ್ಟಪಡುವವರಿಗೆ ಇದು ದೊಡ್ಡ ಅಡ್ಡಿ. ಒಳಗಿವಿಯ ಸಮತೋಲನ ಅಂಗದಲ್ಲಿ ದೋಷವಿರುವವರಿಗೆ ಪರದೆಯ ಮೇಲಣ ದೊಡ್ಡ ಚಲನೆಯಿಂದ ತಲೆಸುತ್ತು, ವಾಕರಿಕೆ ಬರುವುದುಂಟು. ಹಡಗಿನ ಪ್ರಯಾಣದಲ್ಲಿ ಆಗುವಂತೆಯೇ ಇಲ್ಲಿಯೂ ಕಣ್ಣು ಹೇಳುವುದೊಂದು, ಕಿವಿ ಹೇಳುವುದೊಂದು. ತಾನಾಗಿಯೇ ಚಲಿಸಲಾರಂಭಿಸಿ 5 ಸೆಕೆಂಡುಗಳಿಗಿಂತ ಹೆಚ್ಚು ಕಾಲ ಓಡುವ ಯಾವುದನ್ನಾದರೂ ನಿಲ್ಲಿಸುವ ಗುಂಡಿಯೊಂದು ಇರಲೇಬೇಕೆಂದು ಮಾರ್ಗಸೂತ್ರಗಳು ವಿಧಿಸುತ್ತವೆ. ನನ್ನ ಅಭಿಪ್ರಾಯದಲ್ಲಿ ಸೇವಾಸಂಸ್ಥೆಯ ಫಲಕವು ಚಲಿಸದೆ ನಿಂತಿರುವುದೇ ಲೇಸು. ಐದು ಮಾತುಗಳಲ್ಲಿ ಇಂದು ಯಾವುದು ಮುಖ್ಯವೆಂದು ಸಮಿತಿಯೇ ನಿರ್ಧರಿಸಬೇಕು.

ಮಿನುಗುವ ಬೆಳಕಿನ ಅಪಾಯ ಇದಕ್ಕಿಂತ ಘೋರ. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಪೋಕೆಮಾನ್ ಎಂಬ ವ್ಯಂಗ್ಯಚಿತ್ರಮಾಲೆಯ ಒಂದು ಕಂತು ದೂರದರ್ಶನದಲ್ಲಿ ಪ್ರಸಾರವಾದಾಗ, ಕೆಂಪು-ನೀಲಿ ಬೆಳಕುಗಳು ವೇಗವಾಗಿ ಮಿನುಗಿದ ದೃಶ್ಯವನ್ನು ಕಂಡು ನೂರಾರು ಮಕ್ಕಳು ಅಸ್ವಸ್ಥರಾಗಿ ಆಸ್ಪತ್ರೆಗೆ ಸೇರಬೇಕಾಯಿತು. ಅನೇಕರಿಗೆ ಅಪಸ್ಮಾರದಂತಹ ಸೆಳವು ಬಂದಿತ್ತು. ಆದುದರಿಂದ ಒಂದು ಸೆಕೆಂಡಿಗೆ 3ಕ್ಕಿಂತ ಹೆಚ್ಚು ಬಾರಿ ಮಿನುಗುವ ಯಾವುದನ್ನೂ ಪುಟದಲ್ಲಿ ಇಡಲಾಗದು. ದೀಪಾವಳಿಯ ಶುಭಾಶಯಕ್ಕೆಂದು ಮುಖಪುಟದಲ್ಲಿ ಪಟಾಕಿ ಸಿಡಿಸುವ ಉತ್ಸಾಹಿಗಳು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ನಡುಗುವ ಬೆರಳಿಗೊಂದು ಗುಂಡಿ

ಪಾರ್ಕಿನ್ಸನ್ ರೋಗದಿಂದ ಕೈ ನಡುಗುವವರು, ಸಂಧಿವಾತದಿಂದ ಬೆರಳು ಸೆಟೆದವರು ಸಾಸಿವೆಗಾತ್ರದ ಗುಂಡಿಯನ್ನು ಹೇಗೆ ಒತ್ತಿಯಾರು? ಒತ್ತುವ ಜಾಗವು ಪರದೆಯ ಅಳತೆಯಲ್ಲಿ ಕನಿಷ್ಠ 24ಕ್ಕೆ 24 ಪಿಕ್ಸೆಲ್ ಇರಬೇಕೆಂದು 2023ರ ಪರಿಷ್ಕೃತ ಸೂತ್ರ ಹೇಳುತ್ತದೆ. 44ಕ್ಕೆ 44 ಇದ್ದರೆ ನಿಜವಾಗಿ ಅನುಕೂಲ. ಎರಡು ಗುಂಡಿಗಳ ನಡುವೆ ತೆರಪಿರಲಿ. ಮೌಸ್ ಹಿಡಿಯಲಾರದವರು ಕೀಲಿಮಣೆಯಿಂದಲೇ ಗುಂಡಿಯನ್ನು ತಲಪುವಂತಿರಬೇಕು. ತಲಪಿದಾಗ ಸುತ್ತಲೂ ದಪ್ಪ ಗೆರೆಯೊಂದು ಮೂಡಬೇಕು. ಈ ಗೆರೆ ಅಂದಗೆಡಿಸುತ್ತದೆಂದು ತೆಗೆದುಹಾಕುವ ವಿನ್ಯಾಸಕರಿದ್ದಾರೆ. ಕತ್ತಲೆಯಲ್ಲಿ ನಡೆಯುವವನ ಕೈದೀಪವನ್ನು ಕಸಿದುಕೊಂಡಂತೆ ಅದು.

ಗುಂಡಿಯ ಮೇಲಣ ಮಾತೂ ತಾನೇ ಸ್ಪಷ್ಟವಾಗಿರಬೇಕು. "ಇಲ್ಲಿ ಒತ್ತಿ" ಎಂಬುದು ಕಣ್ಣಿನಿಂದ ನೋಡುವವರಿಗೆ ಅರ್ಥವಾದೀತು. ಗುಂಡಿಯಿಂದ ಗುಂಡಿಗೆ ಕಿವಿಯಿಂದ ಸಾಗುವವರಿಗೆ "ಇಲ್ಲಿ" ಎಂದರೆ ಎಲ್ಲಿ? "ವೈದ್ಯಕೀಯ ನೆರವಿಗೆ ಅರ್ಜಿ", "ಕಣ್ಣಿನ ಶಿಬಿರಕ್ಕೆ ಹೆಸರು ನೋಂದಾಯಿಸಿ" ಎಂದು ಬರೆದರೆ ಯಾರಿಗೂ ಸಂದೇಹವಿರದು. ಜೊತೆಗೆ ದೂರವಾಣಿಯ ಸಂಖ್ಯೆಯನ್ನೂ ಕೊಡಬೇಕು. ಎಷ್ಟೇ ಒಳ್ಳೆಯ ಫಲಕವಾದರೂ ಮಾತಾಡಿಯೇ ಸಮಾಧಾನ ಪಡುವ ಹಿರಿಯರು ನಮ್ಮಲ್ಲಿ ಅನೇಕರಿದ್ದಾರೆ.

ನಮ್ಮ ಲಿಪಿಗೂ ಅದರದೇ ಆದ ಆವಶ್ಯಕತೆಗಳಿವೆ. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಕ್ಕೆ ಇಳಿಯುತ್ತವೆ, ಗುಡಿಸುಗಳು ಮೇಲಕ್ಕೆ ಏರುತ್ತವೆ. ಇಂಗ್ಲಿಷಿಗೆಂದು ಮಾಡಿದ ಅಳತೆಯಲ್ಲಿ ಕನ್ನಡವನ್ನು ತುಂಬಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗಟ್ಟಿಗೆ ತಾಗುತ್ತದೆ. ಫಲಕದ ಅಂಚಿನಲ್ಲಿ ಒತ್ತು ಅರ್ಧ ಕತ್ತರಿಸಿಯೂ ಹೋಗುತ್ತದೆ. ಸಾಲುಗಳ ನಡುವೆ ಅಕ್ಷರದ ಎತ್ತರದ ಒಂದೂವರೆಪಟ್ಟಿಗಿಂತ ಕಡಿಮೆಯಿಲ್ಲದ ಅಂತರವನ್ನು ಇಡಬೇಕು. ಓದುಗರು ಅಕ್ಷರವನ್ನು ಇಮ್ಮಡಿಗೊಳಿಸಿದರೂ ಮಾತು ಫಲಕದಿಂದ ಹೊರಚೆಲ್ಲಬಾರದು. ಮುಂಬಯಿಯಲ್ಲಿ ಹುಟ್ಟಿ ಬೆಳೆದ ಮೂರನೆಯ ತಲೆಮಾರಿನ ಮಕ್ಕಳಲ್ಲಿ ಕನ್ನಡವನ್ನಾಗಲಿ ತುಳುವನ್ನಾಗಲಿ ಮಾತಾಡಬಲ್ಲವರು ಇದ್ದರೂ ಕನ್ನಡ ಲಿಪಿಯನ್ನು ಓದಲಾರದವರು ಅನೇಕರು. ಅಜ್ಜನಿಗೆ ಶಿಬಿರದ ಸುದ್ದಿ ಮುಟ್ಟಿಸಬೇಕಾದವರು ಅವರೇ ಆದುದರಿಂದ ಮುಖ್ಯ ಸಂಗತಿಯನ್ನು ಮರಾಠಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಒಂದು ಸಾಲು ಕೊಡುವುದು ಲಾಭಕರ.

ಕಾನೂನು ಏನು ಹೇಳುತ್ತದೆ?

ಇವೆಲ್ಲ ಉದಾರಿಗಳ ಇಚ್ಛೆಗೆ ಬಿಟ್ಟ ಮಾತೆಂದು ತಿಳಿಯಬೇಕಾಗಿಲ್ಲ. ವಿಕಲಚೇತನರ ಹಕ್ಕುಗಳ 2016ರ ಅಧಿನಿಯಮವು 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಹಿಂದಿನ 1995ರ ಕಾನೂನಿನಲ್ಲಿ ಕೇವಲ 7 ಇದ್ದ ವೈಕಲ್ಯಗಳ ಪಟ್ಟಿ ಇದರಲ್ಲಿ 21ಕ್ಕೆ ಏರಿತು; ಮಾಹಿತಿ ಮತ್ತು ಸಂವಹನ ಸಾಧನಗಳು ಎಲ್ಲರಿಗೂ ಸುಗಮವಾಗಿರಬೇಕೆಂಬ ವಿಧಿಯೂ ಸೇರಿತು. 2024ರ ನವೆಂಬರ್ 8ರಂದು ರಾಜೀವ್ ರತೂರಿ ಅವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಸುಗಮ್ಯತೆಯ ಮಾನಕಗಳು ಬರಿಯ ಸಲಹೆಯಾಗಿ ಉಳಿಯಲಾಗದು, ಕಡ್ಡಾಯವಾದ ಕನಿಷ್ಠ ನಿಯಮಗಳು ಬೇಕೆಂದು ತೀರ್ಪಿತ್ತಿತು. 2025ರ ಏಪ್ರಿಲ್ 30ರಂದು ಅದೇ ನ್ಯಾಯಾಲಯವು, ಆಸಿಡ್ ದಾಳಿಗೆ ಗುರಿಯಾದವರೂ ದೃಷ್ಟಿದೋಷವುಳ್ಳವರೂ ಬ್ಯಾಂಕಿನ ಗುರುತು ಪರೀಕ್ಷೆಯಲ್ಲಿ ಅನುಭವಿಸುವ ಕಷ್ಟಗಳನ್ನು ವಿಚಾರಿಸಿ, ಅಂತರಜಾಲದ ಸೇವೆಗಳನ್ನು ತಲಪುವ ಅವಕಾಶವು ಸಂವಿಧಾನದ 21ನೆಯ ಅನುಚ್ಛೇದದ ಜೀವಿಸುವ ಹಕ್ಕಿನೊಳಗೆ ಸೇರಿದುದೆಂದು ಸಾರಿತು. ದೊಡ್ಡ ಬ್ಯಾಂಕುಗಳಿಗೆ ಅನ್ವಯಿಸುವ ನ್ಯಾಯವು ನೆರೆಹೊರೆಯ ಸೇವಾಸಮಿತಿಗೆ ಅನ್ವಯಿಸದೆಂದು ನಾವು ಹೇಳಿದರೆ ಸೇವೆ ಎಂಬ ಮಾತಿಗೆ ಅರ್ಥ ಉಳಿಯದು.

ಮತ್ತೊಂದು ಮಾತು. ಕಣ್ಣು ಕಾಣದವರು ನೆರವು ಬೇಡಲು ಮಾತ್ರ ನಮ್ಮ ಪುಟಕ್ಕೆ ಬರುತ್ತಾರೆಂಬ ಭಾವನೆ ತಪ್ಪು. ಗದಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರ ಗವಾಯಿಗಳೂ, 2010ರವರೆಗೆ ನಮ್ಮೊಡನಿದ್ದ ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ ಸ್ವತಃ ಅಂಧರು. ಅಸಂಖ್ಯ ಅಂಧ ಬಾಲಕರಿಗೆ ಅನ್ನವನ್ನೂ ಸಂಗೀತವನ್ನೂ ಕೊಟ್ಟವರು ಅವರು. ನಮ್ಮ ಮುಂಬಯಿಯಲ್ಲಿಯೇ ರಾಷ್ಟ್ರೀಯ ಅಂಧರ ಸಂಘವು 1952ರಲ್ಲಿ ಸ್ಥಾಪಿತವಾಯಿತು. ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ದೃಷ್ಟಿವಿಕಲರ ಸಂಪನ್ಮೂಲ ಕೇಂದ್ರವು 2003ರಲ್ಲಿ ಪ್ರಾರಂಭವಾಯಿತು. ಬ್ಯಾಂಕು, ಕಚೇರಿ, ಶಾಲೆಗಳಲ್ಲಿ ದುಡಿಯುವ ದೃಷ್ಟಿಹೀನರು ದಾನ ಕೊಡಲೂ ಬರುತ್ತಾರೆ, ಸ್ವಯಂಸೇವಕರಾಗಲೂ ಬರುತ್ತಾರೆ. ಅವರಿಗೆ ಬಾಗಿಲು ಸಿಗದಿದ್ದರೆ ನಷ್ಟ ನಮ್ಮದೇ.

ಮನೆಯಲ್ಲಿಯೇ ಮಾಡಬಹುದಾದ ಐದು ಪರೀಕ್ಷೆಗಳು

ಫಲಕವನ್ನು ಪ್ರಕಟಿಸುವ ಮುನ್ನ ಪ್ರತಿಯೊಂದು ಸಮಿತಿಯೂ ಈ ಪರೀಕ್ಷೆಗಳನ್ನು ನಡೆಸಬಹುದು. ಇವುಗಳಿಗೆ ಹಣ ಬೇಡ. ಅರ್ಧ ಗಂಟೆ ಸಾಕು.

1. ಫಲಕವನ್ನು ಕಪ್ಪು ಬಿಳುಪಿನಲ್ಲಿ ಮುದ್ರಿಸಿ ನೋಡಿರಿ. ಆಗಲೂ ಎಲ್ಲ ಮಾತು ಕಾಣುವುದಾದರೆ ಬಣ್ಣವನ್ನೇ ನೆಚ್ಚಿಕೊಂಡಿಲ್ಲವೆಂದು ತಿಳಿಯಬಹುದು.

2. ಮಧ್ಯಾಹ್ನದ ಬಿಸಿಲಿನಲ್ಲಿ ನಿಂತು, ಪರದೆಯ ಬೆಳಕನ್ನು ಅರ್ಧಕ್ಕೆ ಇಳಿಸಿ ಮೊಬೈಲಿನಲ್ಲಿ ಓದಿರಿ. ಪೊರೆ ಬಂದ ಕಣ್ಣಿನ ಕಷ್ಟ ತಕ್ಕಮಟ್ಟಿಗೆ ಅನುಭವಕ್ಕೆ ಬರುತ್ತದೆ.

3. ಮೊಬೈಲಿನ ಟಾಕ್‌ಬ್ಯಾಕ್ ಅಥವಾ ವಾಯ್ಸ್‌ಓವರ್ ಅನ್ನು ಚಾಲನೆಗೊಳಿಸಿ, ಕಣ್ಣು ಮುಚ್ಚಿ ಕೇಳಿರಿ. ಶಿಬಿರದ ದಿನಾಂಕ ಕಿವಿಗೆ ಬೀಳದಿದ್ದರೆ ಫಲಕವು ಅನುತ್ತೀರ್ಣ.

4. ಗಣಕಯಂತ್ರದ ಮೌಸನ್ನು ತೆಗೆದಿಟ್ಟು ಕೀಲಿಮಣೆಯ ಟ್ಯಾಬ್ ಕೀಲಿಯಿಂದಲೇ ನೋಂದಣಿಯ ಗುಂಡಿಯನ್ನು ತಲಪಲು ಪ್ರಯತ್ನಿಸಿರಿ.

5. ಪುಟವನ್ನು ಇಮ್ಮಡಿ ಹಿಗ್ಗಿಸಿರಿ. ಒತ್ತಕ್ಷರಗಳು ಕತ್ತರಿಸಿಹೋಗಿಲ್ಲವೆಂದು ನೋಡಿಕೊಳ್ಳಿರಿ.

ಈ ಐದರಲ್ಲಿಯೂ ತೇರ್ಗಡೆಯಾದ ಬಳಿಕ, ನಿಜವಾಗಿಯೂ ಕಣ್ಣು ಮಂದವಾದವರೊಬ್ಬರ ಕೈಗೆ ಮೊಬೈಲನ್ನು ಕೊಟ್ಟು ಪಕ್ಕದಲ್ಲಿ ಸುಮ್ಮನೆ ಕುಳಿತುಕೊಳ್ಳಬೇಕು. ಏನನ್ನೂ ತೋರಿಸಿಕೊಡಬಾರದು. ಅವರ ಬೆರಳು ಎಲ್ಲಿ ತಡೆಯುತ್ತದೆಯೋ ಅಲ್ಲಿ ನಮ್ಮ ಫಲಕದ ದೋಷವಿದೆ.

ನಾವೂ ಹಾಗೆಯೇ ಮಾಡಿದೆವು. ಮರುವರ್ಷದ ಶಿಬಿರಕ್ಕೆ ಸೂರ್ಯಾಸ್ತವನ್ನು ಕೈಬಿಟ್ಟೆವು. ಅರಿಸಿನದ ಹಿನ್ನೆಲೆ, ಕಪ್ಪು ದಪ್ಪ ಅಕ್ಷರ, "ಮಧುಮೇಹವುಳ್ಳವರಿಗೆ ಉಚಿತ ಕಣ್ಣಿನ ಪರೀಕ್ಷೆ" ಎಂಬ ಒಂದು ಸಾಲು, ದಿನಾಂಕ, ಸ್ಥಳ, ದೂರವಾಣಿ, ಒಂದು ದೊಡ್ಡ ಗುಂಡಿ; ಪಕ್ಕದಲ್ಲಿ ಒಂದೇ ಒಂದು ನಿಶ್ಚಲ ಚಿತ್ರ. ವಿನ್ಯಾಸಕ ತರುಣನು ಮೊದಲು ಮುಖ ಸಣ್ಣದು ಮಾಡಿಕೊಂಡು, "ಇದು ಹಳೆಯ ಕಾಲದ ಬಟ್ಟೆಯ ಬೋರ್ಡಿನಂತಿದೆ" ಎಂದನು. ಅದನ್ನು ಪರೀಕ್ಷಿಸಲು ನಾವು ಮೊಬೈಲನ್ನು ಕೊಟ್ಟದ್ದು ಕನ್ನಂವಾರ್ ನಗರದ ಆ ಹಿರಿಯರಿಗೇ. ಅವರು ಕನ್ನಡಕವನ್ನು ಸರಿಪಡಿಸಿಕೊಂಡು, ಪರದೆಯನ್ನು ಸ್ವಲ್ಪ ದೂರ ಹಿಡಿದು, ದಿನಾಂಕದವರೆಗೂ ಗಟ್ಟಿಯಾಗಿ ಓದಿದರು. ಓದಿ ಮುಗಿಸಿ, "ಹೋದ ವರ್ಷವೂ ಹೀಗೆಯೇ ಬರೆಯಬಹುದಾಗಿತ್ತಲ್ಲ" ಎಂದರು. ತರುಣನು ಮರುಮಾತಾಡದೆ ಅಕ್ಷರಗಳನ್ನು ಇನ್ನೊಂದಿಷ್ಟು ದೊಡ್ಡದು ಮಾಡಿದನು.

ಈ ಲೇಖನವನ್ನು ಓದುವವರಲ್ಲಿ ಅನೇಕರು ಒಂದಲ್ಲ ಒಂದು ಸಂಘಸಂಸ್ಥೆಯ ಕಾರ್ಯಕಾರಿಣಿಯಲ್ಲಿ ಇರುವವರು. ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಜಾಲತಾಣದ ಮುಖಫಲಕವನ್ನೂ ಒಂದು ವಿಷಯವಾಗಿ ಸೇರಿಸಬೇಕೆಂದು ಅವರಲ್ಲಿ ನನ್ನ ಸವಿನಯ ವಿನಂತಿ.